ಭತ್ತದ ದುಂಡಾಣು ಎಲೆ ಅಂಗಮಾರಿ: ರೋಗಾಣುವಿನ ಅಧ್ಯಯನ ಮತ್ತು ಹತೋಟಿಯ ದಾರಿಗಳು

ಭತ್ತದ ರೋಗಗಳನ್ನು ಓದುವಾಗ ನಮ್ಮ ಗಮನವೆಲ್ಲ ಬೆಂಕಿ ರೋಗದ ಕಡೆಗೆ ಹೋಗಿ, ದುಂಡಾಣು ಎಲೆ ಅಂಗಮಾರಿಯು ಪರೀಕ್ಷೆಗೆ ಬೇಕಾದ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಈ ರೋಗದ ವಿಚಾರದಲ್ಲಿ ಮೊದಲು ತಿಳಿಯಬೇಕಾದದ್ದು ರೋಗಾಣು ಗಿಡದ ಯಾವ ಭಾಗದಲ್ಲಿ ನೆಲೆಸುತ್ತದೆ ಎಂಬುದು. ಅದು ತಿಳಿದರೆ ಯಾವ ಹತೋಟಿ ಕ್ರಮ ಫಲಿಸುತ್ತದೆ, ಯಾವುದು ಫಲಿಸುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನಾವೇ ತರ್ಕಿಸಬಹುದು.

ರೋಗಕಾರಕದ ಹೆಸರು ಕ್ಸಾಂಥೋಮೊನಾಸ್ ಒರೈಜೆ ಪ್ಯಾಥೋವಾರ್ ಒರೈಜೆ (ಪ್ಯಾಥೋವಾರ್ ಎಂದರೆ ಒಂದೇ ಪ್ರಭೇದದೊಳಗೆ, ಉಂಟುಮಾಡುವ ರೋಗದಿಂದ ಗುರುತಿಸುವ ಗುಂಪು). ಕನ್ನಡದಲ್ಲಿ ದುಂಡಾಣು ಎಂದು ಕರೆದರೂ ಇದು ದುಂಡಗಿಲ್ಲ, ಸಣ್ಣ ಸಲಾಕೆಯ ಆಕಾರದಲ್ಲಿದ್ದು, ಒಂದು ತುದಿಯಲ್ಲಿ ಈಜಲು ನೆರವಾಗುವ ಬಾಲದಂಥ ಒಂದೇ ಕಶಾಂಗವನ್ನು ಹೊಂದಿದೆ, ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ಋಣಾತ್ಮಕ. ರೋಗವನ್ನು ಮೊದಲು ಗುರುತಿಸಿದ್ದು ಜಪಾನಿನ ಫುಕುವೋಕಾ ಪ್ರಾಂತ್ಯದಲ್ಲಿ, 1884ರ ಸುಮಾರಿಗೆ. ಭಾರತದಲ್ಲಿ 1951ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡಿತಾದರೂ, ಎಲ್ಲರ ಕಣ್ಣಿಗೆ ಬಿದ್ದದ್ದು 1963ರಲ್ಲಿ ಬಿಹಾರದಲ್ಲಿ ಪಿಡುಗಾಗಿ ಹಬ್ಬಿದಾಗ. ಅದರ ಬೆನ್ನಿಗೆ ಬಂದ ತೈಚುಂಗ್ ನೇಟಿವ್-1ರಂಥ ಗಿಡ್ಡ ತಳಿಗಳು ಮತ್ತು ಅವುಗಳಿಗೆ ಸುರಿದ ಯೂರಿಯಾ ರೋಗಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟವು.

ಈಗ ಒಳಹೊಕ್ಕುವ ದಾರಿಯನ್ನು ನೋಡೋಣ. ಎಲೆಯ ಅಂಚಿನಲ್ಲೂ ತುದಿಯಲ್ಲೂ ಜಲರಂಧ್ರಗಳಿವೆ. ರಾತ್ರಿ ಬೇರು ಎತ್ತಿಕೊಟ್ಟ ಹೆಚ್ಚುವರಿ ನೀರು ಇವುಗಳ ಮೂಲಕ ಹೊರಬಂದು, ಬೆಳಗಿನ ಜಾವ ಎಲೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನಾವು ಮಂಜಿನ ಹನಿಯೆಂದು ತಿಳಿಯುವ ಹನಿಗಳಲ್ಲಿ ಹಲವು ಗಿಡದೊಳಗಿನಿಂದಲೇ ಬಂದವು. ಮಳೆ, ಗಾಳಿ ಅಥವಾ ಕಾಲುವೆಯ ನೀರಿನೊಂದಿಗೆ ಬಂದ ರೋಗಾಣು ಆ ಹನಿಯಲ್ಲಿ ಈಜಿ ಜಲರಂಧ್ರವನ್ನು ಸೇರುತ್ತದೆ, ಅಲ್ಲಿಂದ ನೇರವಾಗಿ ನೀರು ಸಾಗಿಸುವ ಕ್ಸೈಲಮ್ ನಾಳಕ್ಕೆ ಇಳಿಯುತ್ತದೆ. ನಾಟಿಗೆ ಮುನ್ನ ಸಸಿಯ ತುದಿ ಕತ್ತರಿಸಿದ ಗಾಯ, ಕೀಳುವಾಗ ಹರಿದ ಬೇರು, ಬಿರುಗಾಳಿಯಲ್ಲಿ ಎಲೆಗೆ ಎಲೆ ಉಜ್ಜಿದ ಗೀರು ಇವೂ ಬಾಗಿಲುಗಳೇ. ಇದರ ಹತ್ತಿರದ ಬಂಧುವಾದ ಎಲೆ ಪಟ್ಟೆ ರೋಗದ ದುಂಡಾಣು ಪತ್ರರಂಧ್ರಗಳ ಮೂಲಕ ನುಗ್ಗಿ, ನಾಳಗಳ ನಡುವಣ ಮೃದು ಅಂಗಾಂಶದಲ್ಲಿ ಉಳಿಯುತ್ತದೆ. ಆದುದರಿಂದಲೇ ಅದರ ಕಲೆಗಳು ಸಣ್ಣ ಪಾರದರ್ಶಕ ಗೆರೆಗಳಾಗಿ ಕಾಣುತ್ತವೆ. ಅಂಗಮಾರಿಯಲ್ಲಿ ಹಳದಿ ಬಣ್ಣವು ಅಲೆಯಂಥ ಅಂಚಿನೊಂದಿಗೆ ತುದಿಯಿಂದ ಕೆಳಕ್ಕೆ ಇಳಿದು, ಕೊನೆಗೆ ಎಲೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ.

ನಾಟಿ ಮಾಡಿದ ಕೆಲವೇ ವಾರಗಳಲ್ಲಿ ಸಸಿಯೇ ಬಾಡಿ ಸಾಯುವ ರೂಪಕ್ಕೆ ಕ್ರೆಸೆಕ್ ಎನ್ನುತ್ತಾರೆ; ಈ ಹೆಸರು ಇಂಡೊನೇಷ್ಯಾದಿಂದ ಬಂದದ್ದು. ಇದನ್ನು ಕಾಂಡಕೊರಕದ ಹಾವಳಿಯೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಕೊರಕ ಬಿದ್ದ ಸುಳಿಯನ್ನು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಹುಳು ತಿಂದ ಗುರುತಿರುತ್ತದೆ. ಕ್ರೆಸೆಕ್ ತಗುಲಿದ ಗಿಡದ ಬುಡವನ್ನು ಕತ್ತರಿಸಿ ಹಿಸುಕಿದರೆ ಹಳದಿ ಛಾಯೆಯ ಅಂಟು ಒಸರುತ್ತದೆ.

ಎಲೆಯಲ್ಲಿ ಸಂಶಯ ಬಂದರೆ ಒಂದು ಗಾಜಿನ ಲೋಟವೇ ಸಾಕು. ಹಳದಿಯೂ ಹಸಿರೂ ಸೇರುವ ಗಡಿಯಲ್ಲಿ ಎಲೆಯನ್ನು ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ತುದಿ ಮುಳುಗುವಂತೆ ತಿಳಿನೀರಿನಲ್ಲಿ ಹಿಡಿದು, ಲೋಟದ ಹಿಂದೆ ಕಪ್ಪು ಕಾಗದ ಇಡಬೇಕು. ಕೆಲವು ನಿಮಿಷಗಳಲ್ಲಿ ನಾಳಗಳ ಬಾಯಿಂದ ಹೊಗೆಯ ಎಳೆಯಂತೆ ಬಿಳಿಚಾದ ದ್ರವ ಇಳಿಯತೊಡಗಿದರೆ ಅದು ದುಂಡಾಣುಗಳ ಗುಂಪು. ಪೊಟ್ಯಾಷ್ ಕೊರತೆಯಿಂದ ಒಣಗಿದ ಎಲೆಯಲ್ಲಾಗಲಿ ಬಿಸಿಲಿಗೆ ಸುಟ್ಟ ತುದಿಯಲ್ಲಾಗಲಿ ಹೀಗೆ ಇಳಿಯುವುದಿಲ್ಲ. ಪೂರ್ತಿ ಒಣಗಿದ ಎಲೆಯನ್ನು ಆರಿಸಿಕೊಂಡು, ಏನೂ ಬರಲಿಲ್ಲವೆಂದು ರೋಗವನ್ನೇ ತಳ್ಳಿಹಾಕಿದವರಲ್ಲಿ ನಾನೂ ಒಬ್ಬ. ಗಡಿಯ ಭಾಗವನ್ನೇ ಕತ್ತರಿಸಬೇಕೆಂದು ಒತ್ತಿ ಹೇಳುತ್ತಿರುವುದು ಅದಕ್ಕಾಗಿ.

ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೇರ್ಪಡಿಸಲೂ ಅದೇ ಗಡಿಯ ತುಣುಕು ಬೇಕು. ಅದನ್ನು ಮೇಲ್ಮೈ ಸೋಂಕುರಹಿತಗೊಳಿಸಿ, ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆದು, ಒಂದು ಹನಿ ನೀರಿನಲ್ಲಿ ಜಜ್ಜಿ, ಆ ರಸವನ್ನು ದುಂಡಾಣು ಬೆಳೆಸುವ ಮಾಧ್ಯಮವಾದ ಪೆಪ್ಟೋನ್ ಸುಕ್ರೋಸ್ ಅಗರಿನ ಮೇಲೆ ಗೀರಿ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಇದು ನಿಧಾನವಾಗಿ ಬೆಳೆಯುವ ದುಂಡಾಣು. ಮರುದಿನವೇ ತಟ್ಟೆ ತುಂಬ ಹಬ್ಬಿದ ಹಳದಿ ಬೆಳವಣಿಗೆ ಕಂಡರೆ ಅದು ಬೇರೆ ಯಾವುದೋ ಎಂದು ಅನುಮಾನಿಸಬೇಕು. ನಮ್ಮದು ಎರಡು ಮೂರು ದಿನಗಳ ನಂತರ, ದುಂಡಗೆ ಉಬ್ಬಿದ, ಲೋಳೆಯಂಥ ತಿಳಿಹಳದಿ ಚುಕ್ಕೆಗಳಾಗಿ ಮೂಡುತ್ತದೆ. ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಕತ್ತರಿಯನ್ನು ದುಂಡಾಣುವಿನ ದ್ರಾವಣದಲ್ಲಿ ಅದ್ದಿ, ಆರೋಗ್ಯವಂತ ಗಿಡದ ಎಲೆಗಳ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಸುಮಾರು 14 ದಿನಗಳ ಬಳಿಕ ಕಲೆಯ ಉದ್ದವನ್ನು ಅಳೆಯಬೇಕು. ಆ ಕಲೆಯಿಂದ ಅದೇ ದುಂಡಾಣು ಮತ್ತೆ ಸಿಕ್ಕಿದರೆ ಕಾಕ್‌ನ ನಿಯಮಗಳು, ಅಂದರೆ ಈ ರೋಗಕ್ಕೆ ಇದೇ ರೋಗಾಣು ಕಾರಣವೆಂದು ಸಾಬೀತುಪಡಿಸುವ ಹಂತಗಳು, ಪೂರ್ಣವಾಗುತ್ತವೆ. 1973ರಲ್ಲಿ ಪ್ರಕಟವಾದ ಈ ಕತ್ತರಿ ವಿಧಾನವನ್ನೇ ತಳಿಗಳ ನಿರೋಧಕತೆಯನ್ನು ಅಳೆಯಲು ಇಂದಿಗೂ ಬಳಸುತ್ತಾರೆ.

ಹತೋಟಿಯ ಅಧ್ಯಯನ ಸಾಮಾನ್ಯವಾಗಿ ಆರಂಭವಾಗುವುದು ಅಗರ್ ತಟ್ಟೆಯಿಂದ. ಔಷಧ, ಸಸ್ಯದ ಕಷಾಯ ಅಥವಾ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್‌ನಂಥ ಉಪಕಾರಿ ದುಂಡಾಣುವಿನಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು, ಸುತ್ತ ರೋಗಾಣು ಬೆಳೆಯದೆ ಉಳಿದ ತೆರವು ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅಳತೆ ಸುಲಭ, ಪಟ್ಟಿಯೂ ಚೆನ್ನಾಗಿ ಬರುತ್ತದೆ. ಆದರೆ ತಟ್ಟೆಯಲ್ಲಿ ಔಷಧವೂ ರೋಗಾಣುವೂ ಎದುರುಬದುರಾಗಿವೆ. ಗದ್ದೆಯಲ್ಲಿ ರೋಗಾಣು ನಾಳದೊಳಗೆ, ತಾನೇ ಸ್ರವಿಸಿದ ಲೋಳೆಯ ಹೊದಿಕೆಯಲ್ಲಿ ಕುಳಿತಿದೆ, ಔಷಧ ಎಲೆಯ ಮೇಲೆ ಒಣಗುತ್ತಿದೆ. ತಟ್ಟೆಯಲ್ಲಿ ಗೆದ್ದದ್ದು ಗದ್ದೆಯಲ್ಲಿ ಸೋಲುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ. ತಾಮ್ರದ ಔಷಧಗಳು ಹೊಸ ಸೋಂಕನ್ನು ಒಂದಷ್ಟು ತಡೆಯಬಹುದೇ ಹೊರತು ಒಳಗಿರುವುದನ್ನು ಅಳಿಸಲಾರವು. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಮಿಶ್ರಣವನ್ನು ದೀರ್ಘಕಾಲ ಶಿಫಾರಸು ಮಾಡಲಾಗಿತ್ತು. ಪ್ರತಿಜೀವಕ ನಿರೋಧಕತೆಯ ಭಯದಿಂದ ಕೃಷಿಯಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಹಳೆಯ ಟಿಪ್ಪಣಿಗಳನ್ನು ನಕಲು ಮಾಡುವಾಗ ಇದು ನೆನಪಿರಲಿ.

ಖರ್ಚಿಲ್ಲದ ಕ್ರಮಗಳ ಪರಿಣಾಮ ಇದಕ್ಕಿಂತ ನಿಶ್ಚಿತ. ಸಾರಜನಕವನ್ನು ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡುವುದು, ರೋಗ ಕಂಡೊಡನೆ ಯೂರಿಯಾ ಮೇಲುಗೊಬ್ಬರವನ್ನು ತಡೆಹಿಡಿಯುವುದು, ಸಸಿಯ ತುದಿ ಕತ್ತರಿಸದಿರುವುದು, ರೋಗದ ಗದ್ದೆಯ ನೀರು ಪಕ್ಕದ ಗದ್ದೆಗೆ ಹರಿಯದಂತೆ ನೋಡಿಕೊಳ್ಳುವುದು, ಕೂಳೆಯನ್ನೂ ಬದುವಿನ ಆಶ್ರಯ ಹುಲ್ಲುಗಳನ್ನೂ ತೆಗೆಯುವುದು, ಇವೆಲ್ಲವೂ ಮೇಲೆ ಹೇಳಿದ ಬಾಗಿಲುಗಳನ್ನು ಮುಚ್ಚುವ ಕೆಲಸಗಳೇ.

ನಾಳದೊಳಗೇ ರೋಗಾಣುವನ್ನು ಎದುರಿಸುವ ಶಕ್ತಿ ಇರುವುದು ನಿರೋಧಕ ಜೀನುಗಳಿಗೆ. ಮಾಲಿ ದೇಶದ ಕಾಡುಭತ್ತ ಒರೈಜಾ ಲಾಂಜಿಸ್ಟಾಮಿನಾಟಾದಿಂದ ಬಂದ ಎಕ್ಸ್‌ಎ21 ಜೀನನ್ನು 1995ರಲ್ಲಿ ಪ್ರತ್ಯೇಕಿಸಲಾಯಿತು. ಅದು ಜೀವಕೋಶದ ಹೊರಮೈಯಲ್ಲಿ ಕಾವಲುಗಾರನಂತೆ ನಿಂತು ರೋಗಾಣುವಿನ ಒಂದು ಪ್ರೋಟೀನನ್ನು ಗುರುತಿಸುತ್ತದೆ. ಎಕ್ಸ್‌ಎ13ರ ಬಗೆ ಇದಕ್ಕೆ ತೀರ ಭಿನ್ನ. ರೋಗಾಣು ತನ್ನ ಪ್ರೋಟೀನನ್ನು ಭತ್ತದ ಜೀವಕೋಶಕ್ಕೆ ಚುಚ್ಚಿ, ಸಕ್ಕರೆಯನ್ನು ಹೊರಬಿಡುವ ಸ್ವೀಟ್ ಜೀನನ್ನು ಚಾಲೂ ಮಾಡಿ ತನ್ನ ಆಹಾರವನ್ನು ಹೊಂದಿಸಿಕೊಳ್ಳುತ್ತದೆ. ಆ ಪ್ರೋಟೀನು ಕೂರುವ ಜಾಗವೇ ಎಕ್ಸ್‌ಎ13ರಲ್ಲಿ ಬದಲಾಗಿರುವುದರಿಂದ ಸಕ್ಕರೆ ಸಿಗುವುದಿಲ್ಲ. ಆದ್ದರಿಂದ ಇದು ಅಪ್ರಭಾವಿ ಜೀನು, ಎರಡೂ ಪ್ರತಿಗಳು ಇದ್ದರೆ ಮಾತ್ರ ರಕ್ಷಣೆ. ಈ ಎರಡಕ್ಕೆ ಎಕ್ಸ್‌ಎ5ನ್ನೂ ಸೇರಿಸಿ, ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಚಿರಪರಿಚಿತವಾದ ಬಿಪಿಟಿ 5204 (ಸಾಂಬಾ ಮಸೂರಿ) ತಳಿಗೆ ಮಾರ್ಕರ್ ನೆರವಿನ ಸಂಕರಣದಿಂದ, ಅಂದರೆ ಬೇಕಾದ ಜೀನು ಇರುವ ಸಸಿಗಳನ್ನು ಡಿಎನ್ಎ ಗುರುತಿನಿಂದ ಆರಿಸುತ್ತ, ತಂದ ತಳಿಯೇ ಇಂಪ್ರೂವ್ಡ್ ಸಾಂಬಾ ಮಸೂರಿ. ಹೈದರಾಬಾದಿನ ಎರಡು ಸಂಸ್ಥೆಗಳ, ಅಂದರೆ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಆಗಿನ ಭತ್ತ ಸಂಶೋಧನಾ ನಿರ್ದೇಶನಾಲಯದ, ಜಂಟಿ ಕೆಲಸವಾದ ಇದು 2008ರಲ್ಲಿ ಬಿಡುಗಡೆಯಾಯಿತು.

ಮೂರು ಜೀನುಗಳನ್ನು ಒಟ್ಟುಗೂಡಿಸಿದ್ದಕ್ಕೆ ಕಾರಣವಿದೆ. ಎಕ್ಸ್‌ಎ4 ಒಂದನ್ನೇ ನಂಬಿ ಫಿಲಿಪ್ಪೀನ್ಸ್‌ನಲ್ಲಿ ವಿಸ್ತಾರವಾಗಿ ಬೆಳೆದ ತಳಿಗಳಿಗೆ 1970ರ ದಶಕದಲ್ಲೇ ಅದೇ ರೋಗಾಣುವಿನ ಹೊಸ ಬಗೆ (ರೇಸ್) ತಗುಲಿಕೊಂಡಿತು. ಒಂದೊಂದು ಜೀನನ್ನು ಮಾತ್ರ ಹೊತ್ತ ಐಆರ್‌ಬಿಬಿ ಎಂಬ ಪರೀಕ್ಷಾ ಭತ್ತದ ಸಾಲುಗಳ ಮೇಲೆ ನಮ್ಮ ಪ್ರದೇಶದ ರೋಗಾಣುಗಳನ್ನು ಕತ್ತರಿ ವಿಧಾನದಲ್ಲಿ ಪರೀಕ್ಷಿಸಿದರೆ ಯಾವ ಜೀನು ಇಲ್ಲಿ ಇನ್ನೂ ನಿಂತಿದೆ, ಯಾವುದು ಬಿದ್ದಿದೆ ಎಂಬುದು ಕಲೆಯ ಉದ್ದದಲ್ಲೇ ತಿಳಿಯುತ್ತದೆ. ಅಂಥ ಪರೀಕ್ಷೆಗೆ ಇಳಿಯುವವರು, ಪದೇ ಪದೇ ತಟ್ಟೆಯಿಂದ ತಟ್ಟೆಗೆ ದಾಟಿಸಿದ ರೋಗಾಣು ತನ್ನ ಉಗ್ರತೆಯನ್ನು ಕಳೆದುಕೊಳ್ಳಬಹುದಾದ್ದರಿಂದ, ಮೊದಲ ಬೆಳವಣಿಗೆಯನ್ನೇ ಗ್ಲಿಸರಾಲ್‌ನಲ್ಲಿ ಶೈತ್ಯೀಕರಿಸಿಟ್ಟು, ಬಳಸುವ ಮುನ್ನ ಒಮ್ಮೆ ಈ ರೋಗ ಸುಲಭವಾಗಿ ತಗಲುವ ಟಿಎನ್-1 (ತೈಚುಂಗ್ ನೇಟಿವ್-1) ಗಿಡದ ಮೂಲಕ ಹಾಯಿಸಿ ಹೊಸದಾಗಿ ಬೇರ್ಪಡಿಸಿಕೊಳ್ಳಬೇಕು.