ಪದ ಪರಿಚಯ: ಖಾಸಗಿತನ

ಮೈಸೂರಿನವರಿಗೆ ‘ಖಾಸಗಿ’ ಎಂಬ ಪದ ಪ್ರತಿ ನವರಾತ್ರಿಯಲ್ಲೂ ಕಣ್ಣಿಗೆ ಬೀಳುತ್ತದೆ. ಅರಮನೆಯಲ್ಲಿ ರಾಜವಂಶಸ್ಥರು ಸಿಂಹಾಸನವೇರಿ ನಡೆಸುವುದು ‘ಖಾಸಗಿ ದರ್ಬಾರ್’. ಮರುದಿನ ಅದರ ಫೋಟೊ ಪತ್ರಿಕೆಗಳಲ್ಲಿರುತ್ತದೆ, ಊರಿಗೆಲ್ಲ ಗೊತ್ತು, ಆದರೂ ಅದು ಖಾಸಗಿಯೇ. ಒಳಗೆ ಯಾರನ್ನು ಕರೆಯಬೇಕು, ಹೊರಗೆ ಎಷ್ಟು ಕಾಣಬೇಕು ಎಂಬ ತೀರ್ಮಾನ ಆ ಮನೆಯವರದು.

ಈ ಪದದ ಬೇರು ಅರಬ್ಬಿಯ ‘ಖಾಸ್’: ಸ್ವಂತದ್ದು, ವಿಶೇಷವಾದದ್ದು. ಎದುರು ಪದ ‘ಆಮ್’, ಎಲ್ಲರದ್ದು. ನಾವು ಅದಕ್ಕೆ ನಮ್ಮದೇ ‘ತನ’ ಅಂಟಿಸಿಕೊಂಡೆವು, ‘ಒಡೆತನ’ದಲ್ಲಿರುವ ಅದೇ ‘ತನ’.

ಬ್ಯಾಂಕು, ಆ್ಯಪ್‌ಗಳು ಮಾತ್ರ ‘ಪ್ರೈವಸಿ ಪಾಲಿಸಿ’ಯನ್ನು ‘ಗೌಪ್ಯತಾ ನೀತಿ’ ಎಂದು ಬರೆಯುತ್ತವೆ. ಗೌಪ್ಯ ಎಂದರೆ ಮುಚ್ಚಿಡಬೇಕಾದದ್ದು, ಗುಟ್ಟು. ಈ ಎರಡು ಪದಗಳು ಕಲಸಿಹೋದದ್ದರಿಂದ ಆಧಾರ್ ಚರ್ಚೆಯೂ ದಾರಿ ತಪ್ಪಿದೆ ಎಂಬುದು ನನ್ನ ನಂಬಿಕೆ. ‘ಮುಚ್ಚಿಡೋಕೆ ನಮ್ಮತ್ರ ಏನಿದೆ?’ ಎಂದು ಕೇಳುವವರು ಗೌಪ್ಯತೆಯ ಮಾತಾಡುತ್ತಿದ್ದಾರೆ. ಅಪ್ಪನ ಸಕ್ಕರೆ ಕಾಯಿಲೆ ಡಾಕ್ಟರಿಗೆ ಗೊತ್ತು. ಬೆಳೆಸಾಲ ಸೊಸೈಟಿಗೆ ಗೊತ್ತು. ಮಗಳ ಸಂಬಂಧದ ಮಾತುಕತೆ ಬೀಗರಾಗುವವರಿಗೆ ಗೊತ್ತು. ಯಾವುದೂ ಗುಟ್ಟಲ್ಲ. ಆದರೆ ಮೂರನ್ನೂ ಒಂದೇ ಸಂಖ್ಯೆಗೆ ಪೋಣಿಸಿ ನಾಲ್ಕನೆಯವರ ಕೈಗಿಟ್ಟರೆ ಆ ಮನೆಯ ಕದ ಕಿತ್ತುಹಾಕಿದಂತೆ. ಕಿತ್ತದ್ದು ಯಾರೆಂದೂ ಮನೆಯವರಿಗೆ ತಿಳಿಯುವುದಿಲ್ಲ.

ಕರ್ನಾಟಕದಲ್ಲಿ 2010ರಲ್ಲಿ ಆಧಾರ್ ನೋಂದಣಿ ಮೊದಲು ಶುರುವಾದದ್ದು ಮೈಸೂರು, ತುಮಕೂರು ಜಿಲ್ಲೆಗಳಲ್ಲಿ. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು; 1954 ಮತ್ತು 1962ರ ಹಳೆಯ ತೀರ್ಪುಗಳ ಬಲವೂ ಅದಕ್ಕಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಅದು ಹಕ್ಕೇ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ. ಸರ್ಕಾರ ಒಳಗೆ ಬರಲೇಬಾರದೆಂದಲ್ಲ. ಬರುವುದಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೇಳಬೇಕು.

ಈ ಮೂರನೆಯ ಅಳತೆಯೇ ನನಗೆ ಮುಖ್ಯ. ಪಡಿತರದ ಸೋರಿಕೆ ನಿಲ್ಲಬೇಕು, ಒಬ್ಬರ ಪಾಲು ಇನ್ನೊಬ್ಬರು ಹೊಡೆಯಬಾರದು ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. 2018ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳೂ ಅದನ್ನೊಪ್ಪಿ ಆಧಾರ್ ಉಳಿಸಿದರು. ಸವಲತ್ತಿಗೆ, ಪ್ಯಾನ್‌ಗೆ ಜೋಡಣೆ ಸರಿ, ಬ್ಯಾಂಕ್ ಖಾತೆಗೂ ಸಿಮ್‌ಗೂ ಕಡ್ಡಾಯ ಮಾಡುವಂತಿಲ್ಲ ಎಂದು ಗೆರೆ ಎಳೆದರು. ಆದರೆ ಮಂಡ್ಯದ ಹಳ್ಳಿಗಳಲ್ಲಿ ಜೀವಮಾನವೆಲ್ಲ ಕಬ್ಬು ಕಡಿದ ಕೈಗಳಿವೆ. ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್ ಕೊಡಿ’ ಎಂದಾಗ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹತ್ತುವುದಿಲ್ಲ. ಒರೆಸಿ ಮತ್ತೆ ಒತ್ತುತ್ತಾರೆ, ಇನ್ನೊಂದು ಬೆರಳು ಒತ್ತುತ್ತಾರೆ. ಊರವರೆಲ್ಲ ಹೆಸರು ಹಿಡಿದು ಕರೆಯುವ ಅಜ್ಜಿಯೊಬ್ಬಳು ತಾನು ತಾನೇ ಎಂದು ಸಾಲಿನ ಮುಂದೆ ಸಾಬೀತು ಮಾಡುತ್ತ ನಿಲ್ಲಬೇಕಾದಾಗ ಅವಳ ಯಾವ ಗುಟ್ಟೂ ಬಯಲಾಗುವುದಿಲ್ಲ, ಕಳೆದುಹೋಗುವುದು ಮರ್ಯಾದೆ. ಆ 2017ರ ತೀರ್ಪು ಖಾಸಗಿತನವನ್ನು ಮನುಷ್ಯನ ಘನತೆಗೆ ಕಟ್ಟಿದ್ದು ಇದಕ್ಕೇ.

ನಮ್ಮಿಂದಾಗುವುದೂ ಸ್ವಲ್ಪ ಇದೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಇಳಿಸಿಕೊಳ್ಳಬಹುದು. 12 ಅಂಕಿಯ ಬದಲು 16 ಅಂಕಿಯ ವರ್ಚುವಲ್ ಐಡಿ ಪಡೆಯಬಹುದು. ಆಧಾರ್‌ನಲ್ಲಿರುವ ನಮ್ಮ ಬೆರಳಚ್ಚನ್ನು ಯಾರೂ ಬಳಸದಂತೆ ಬೀಗ ಹಾಕಬಹುದು. ಜೆರಾಕ್ಸ್ ಕೊಡಲೇಬೇಕಾದಾಗ ನಾನು ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕುತ್ತೇನೆ. ಮೊನ್ನೆ ಮೈಸೂರಿನ ಕೌಂಟರೊಂದರಲ್ಲಿ ಹಾಗೆ ಬರೆಯುತ್ತಿದ್ದಾಗ ಹಿಂದೆ ನಿಂತಿದ್ದ ಹೆಂಗಸು ಪೆನ್ನು ಕೇಳಿ ಪಡೆದರು, ತಮ್ಮ ಪ್ರತಿಯ ಮೇಲೂ ಬರೆದುಕೊಂಡರು.