ಬಲೆಯ ಕಣ್ಣಿನ ಕಾನೂನು

ಸ್ಕಾಟ್ಲೆಂಡ್, ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ನಾರ್ವೆ ಮೊದಲಾದ ದೇಶಗಳ ದಡ ತಾಗುವ ಉತ್ತರ ಸಮುದ್ರದಲ್ಲಿ ಕಾಡ್ ಮೀನು ಯಾರೊಬ್ಬರ ಸ್ವತ್ತೂ ಅಲ್ಲ. ಒಂದು ದೇಶದ ನೀರಿನಲ್ಲಿ ಮೊಟ್ಟೆಯೊಡೆದು, ಇನ್ನೊಂದರ ನೀರಿನಲ್ಲಿ ಬೆಳೆದು, ಮೂರನೆಯ ದೇಶದ ದೋಣಿಗೆ ಸಿಗಬಹುದಾದ ಈ ಮೀನನ್ನು ಉಳಿಸಿಕೊಳ್ಳಲು ಯುರೋಪಿನಲ್ಲಿ ಎರಡು ಬಗೆಯ ನಿಯಮಗಳಿವೆ. ವರ್ಷಕ್ಕೆ ಎಷ್ಟು ಟನ್ ಹಿಡಿಯಬಹುದು ಎಂದು ಹೇಳುವ ಕೋಟಾ ಮೊದಲನೆಯದು. ಎಂಥ ಬಲೆಯಿಂದ, ಎಲ್ಲಿ, ಯಾವಾಗ, ಎಷ್ಟು ಉದ್ದದ ಮೀನನ್ನು ಹಿಡಿಯಬೇಕು ಎಂದು ಹೇಳುವ ತಾಂತ್ರಿಕ ನಿಯಮಗಳು ಎರಡನೆಯವು. ಸುದ್ದಿಯಾಗುವುದು ಸಾಮಾನ್ಯವಾಗಿ ಕೋಟಾ. ಆದರೆ ಮರಿಮೀನು ಬದುಕುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಬಲೆಯ ಕಣ್ಣಿನಲ್ಲಿ.

ಟ್ರಾಲ್ ಬಲೆಯನ್ನು ದೋಣಿ ಎಳೆಯುತ್ತ ಸಾಗಿದಂತೆ ಮೀನೆಲ್ಲ ಹಿಂದಿನ ತುದಿಯ ಚೀಲಕ್ಕೆ ಬಂದು ಸೇರುತ್ತದೆ. ಈ ಚೀಲದ ಕಣ್ಣುಗಳು ಸಾಮಾನ್ಯವಾಗಿ ವಜ್ರಾಕಾರದವು. ಈರುಳ್ಳಿ ತುಂಬಿದ ಬಲೆಚೀಲವನ್ನು ಬಾಯಿ ಹಿಡಿದು ಎತ್ತಿದಾಗ ಮೇಲ್ಭಾಗದ ಕಣ್ಣುಗಳು ಮುಚ್ಚಿಕೊಂಡು, ಈರುಳ್ಳಿ ಉಬ್ಬಿರುವ ಕಡೆ ಮಾತ್ರ ತೆರೆದಿರುತ್ತವಲ್ಲ, ನೀರಿನೊಳಗೂ ಹಾಗೆಯೇ ಆಗುತ್ತದೆ. ಎಳೆತಕ್ಕೆ ಕಣ್ಣುಗಳು ಉದ್ದಕ್ಕೆ ಸೆಳೆದು ಕಿರಿದಾಗುತ್ತವೆ. ಮೀನಿನ ರಾಶಿಗೆ ಸ್ವಲ್ಪ ಮುಂದೆ ಇರುವ ಕೆಲವೇ ಸಾಲುಗಳು ತೆರೆದಿರುತ್ತವೆ, ಮರಿಮೀನು ನುಸುಳಿಕೊಳ್ಳುವುದು ಹೆಚ್ಚಾಗಿ ಅಲ್ಲಿಂದಲೇ. ಆದ್ದರಿಂದ 120 ಮಿಲಿಮೀಟರ್ ಕಣ್ಣು ಎಂದು ಕಾನೂನು ಬರೆದ ಮಾತ್ರಕ್ಕೆ ಅಷ್ಟು ದೊಡ್ಡ ಬಾಗಿಲು ತೆರೆದಂತಾಗುವುದಿಲ್ಲ. ದಪ್ಪ ದಾರ ಬಳಸಿದರೆ ಅಥವಾ ಚೀಲದ ಸುತ್ತಳತೆಯಲ್ಲಿ ಕಣ್ಣುಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಅದೇ ಬಲೆಯಿಂದ ತಪ್ಪಿಸಿಕೊಳ್ಳುವ ಮೀನುಗಳು ಕಡಿಮೆಯಾಗುತ್ತವೆ. ಚೀಲದ ಮೇಲ್ಭಾಗದಲ್ಲಿ ಚೌಕಾಕಾರದ ಕಣ್ಣಿನ ತುಂಡೊಂದನ್ನು ಹೊಲಿದರೆ, ಅಥವಾ ಮಾಮೂಲಿ ಬಲೆಯನ್ನೇ 90 ಡಿಗ್ರಿ ತಿರುಗಿಸಿ ಜೋಡಿಸಿದರೆ, ಎಳೆತದಲ್ಲೂ ಕಣ್ಣು ತೆರೆದೇ ಇರುತ್ತದೆ. ಮೀನಿನ ಸ್ವಭಾವವೂ ನೆರವಿಗೆ ಬರುತ್ತದೆ. ಬಲೆಯೊಳಗೆ ಹ್ಯಾಡಕ್ ಮೇಲಕ್ಕೆ ಏಳುತ್ತದೆ, ಕಾಡ್ ತಳಕ್ಕೆ ಅಂಟಿಕೊಂಡಿರುತ್ತದೆ. ಇದನ್ನು ನೋಡಿಕೊಂಡೇ ಅವೆರಡನ್ನೂ ಬೇರ್ಪಡಿಸುವ ಅಡ್ಡಪದರದ ಬಲೆಗಳನ್ನು ರೂಪಿಸಲಾಯಿತು.

ಇಷ್ಟು ಸೂಕ್ಷ್ಮವಾದ ಸಂಗತಿಯನ್ನು ಬ್ರಸೆಲ್ಸ್‌ನಲ್ಲಿ ಕುಳಿತು ಕಾಗದದ ಮೇಲೆ ಹಿಡಿದಿಡಲು ಹೊರಟಾಗ ನಿಯಮಗಳು ಬೆಳೆಯುತ್ತಲೇ ಹೋದವು. ಯುರೋಪಿಯನ್ ಒಕ್ಕೂಟದ 1998ರ 850ನೆಯ ನಿಯಮಾವಳಿಯ ಉದ್ದೇಶ ಮರಿಮೀನುಗಳ ರಕ್ಷಣೆ. ಅದರ ಕೋಷ್ಟಕದಲ್ಲಿ ಕಣ್ಣಿನ ಅಳತೆ 16ರಿಂದ 31, 32ರಿಂದ 54, 55ರಿಂದ 69 ಮಿಲಿಮೀಟರ್ ಎಂದು ಸಾಲುಸಾಲಾಗಿ ಹೋಗುತ್ತದೆ, ಮತ್ತು ಪ್ರತಿ ಅಳತೆಯ ಬಲೆಗೂ ಹಿಡಿದ ಮೀನಿನಲ್ಲಿ ಯಾವ ಜಾತಿಗಳು ಶೇಕಡಾ ಎಷ್ಟಿರಬೇಕು ಎಂಬ ಷರತ್ತು ಇರುತ್ತದೆ. ತಿದ್ದುಪಡಿಗಳೂ ಪ್ರಾದೇಶಿಕ ವಿನಾಯಿತಿಗಳೂ ಸೇರಿ, ತಾಂತ್ರಿಕ ನಿಯಮಗಳು ಕೊನೆಗೆ ಮೂವತ್ತಕ್ಕೂ ಹೆಚ್ಚು ನಿಯಮಾವಳಿಗಳಲ್ಲಿ ಹರಡಿಕೊಂಡವು. ಶೇಕಡಾವಾರು ಷರತ್ತಿನ ಪರಿಣಾಮವಂತೂ ಕಾನೂನಿನ ಉದ್ದೇಶಕ್ಕೇ ವಿರುದ್ಧವಾಗಿತ್ತು. ಬೇಡದ ಜಾತಿಯ ಮೀನು ಹೆಚ್ಚು ಬಿದ್ದರೆ ದೋಣಿಯವನು ಲೆಕ್ಕ ಸರಿದೂಗಿಸಲು ಅದನ್ನು ಮತ್ತೆ ಕಡಲಿಗೆ ಎಸೆಯಬೇಕಾಗುತ್ತಿತ್ತು, ಹಾಗೆ ಎಸೆದವುಗಳಲ್ಲಿ ಹೆಚ್ಚಿನವು ಆಗಲೇ ಸತ್ತಿರುತ್ತಿದ್ದವು. ಕಾನೂನು ಪಾಲಿಸಿದವನ ಕೈಯಿಂದಲೇ ಮೀನು ವ್ಯರ್ಥವಾಗುತ್ತಿತ್ತು ಎಂಬುದು ನನ್ನ ಮಟ್ಟಿಗೆ ಆ ವ್ಯವಸ್ಥೆಯ ಮೇಲಿನ ಅತ್ಯಂತ ಗಂಭೀರ ಆಕ್ಷೇಪ.

ಹಂಚಿಕೊಂಡ ಕಡಲಿನ ಈ ತೊಡಕು ನಮಗೂ ಹೊಸದಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ಮಳೆಗಾಲದಲ್ಲಿ ಕರ್ನಾಟಕ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ನಿಲ್ಲಿಸಿದರೆ, ಕೇರಳ ತನ್ನ ನೀರಿನಲ್ಲಿ 52 ದಿನಗಳ ನಿಷೇಧವನ್ನು ಇಟ್ಟುಕೊಂಡಿದೆ. ಬಂಗುಡೆ, ಬೂತಾಯಿಗಳಿಗೆ ಮಂಜೇಶ್ವರ ಮತ್ತು ತಲಪಾಡಿಯ ನಡುವಿನ ಗಡಿ ತಿಳಿಯದು.

ಯುರೋಪಿನಲ್ಲಿ ಬದಲಾವಣೆಯ ದಾರಿ ತೆರೆದದ್ದು 2013ರ ಮೀನುಗಾರಿಕಾ ನೀತಿಯ ಸುಧಾರಣೆ. ಕೋಟಾ ಇರುವ ಜಾತಿಗಳನ್ನು ಎಸೆಯದೆ ದಡಕ್ಕೇ ತರಬೇಕೆಂಬ ಕಟ್ಟಳೆ 2015ರಿಂದ 2019ರವರೆಗೆ ಹಂತಹಂತವಾಗಿ ಜಾರಿಗೆ ಬಂತು. ನಿಗದಿತ ಉದ್ದಕ್ಕಿಂತ ಚಿಕ್ಕದಾದ ಮೀನು ಕೋಟಾದ ಲೆಕ್ಕಕ್ಕೆ ಸೇರುತ್ತದೆ, ಆದರೆ ಅದನ್ನು ಮನುಷ್ಯರ ನೇರ ಆಹಾರಕ್ಕೆ ಮಾರುವಂತಿಲ್ಲ. ಹೀಗಾದಾಗ ಮರಿಮೀನನ್ನು ಹಿಡಿಯದಿರುವುದೇ ಮೀನುಗಾರನಿಗೆ ಲಾಭ. ಇದೇ ಹಿನ್ನೆಲೆಯಲ್ಲಿ 2016ರಲ್ಲಿ ಕರಡಾಗಿ ಬಂದು 2019ರ ಆಗಸ್ಟ್‌ನಲ್ಲಿ ಜಾರಿಯಾದ 1241ನೆಯ ನಿಯಮಾವಳಿ ಹಳೆಯ ಕಂತೆಯ ಬಹುಭಾಗವನ್ನು ಒಂದೇ ಕಡೆ ತಂದಿತು. ಸ್ಫೋಟಕ, ವಿಷ ಮುಂತಾದವುಗಳ ನಿಷೇಧ ಎಲ್ಲ ಕಡಲಿಗೂ ಸಮಾನ. ಕಣ್ಣಿನ ಅಳತೆ, ಮೀನಿನ ಉದ್ದ, ನಿಷಿದ್ಧ ಪ್ರದೇಶ ಇವುಗಳಿಗೆ ಉತ್ತರ ಸಮುದ್ರ, ಬಾಲ್ಟಿಕ್, ಮೆಡಿಟರೇನಿಯನ್ ಹೀಗೆ ಕಡಲಿಗೊಂದು ಅನುಬಂಧ. ಉತ್ತರ ಸಮುದ್ರದ ಟ್ರಾಲ್ ಬಲೆಗೆ ಮೂಲ ಅಳತೆ 120 ಮಿಲಿಮೀಟರ್; ನಮ್ಮ ನಂಗು ಮೀನಿನಂತೆ ಚಪ್ಪಟೆಯಾದ ಸೋಲ್ ಹಿಡಿಯುವವರಿಗೆ ಷರತ್ತಿನ ಮೇಲೆ 80. ಆ ಕಡಲಿನ ಸುತ್ತಲ ಒಕ್ಕೂಟದ ಸದಸ್ಯ ದೇಶಗಳು ಕೂಡಿ ಬೇರೆ ಬಲೆಯನ್ನು ಸೂಚಿಸಬಹುದು, ಆದರೆ ಮರಿಮೀನನ್ನು ಹೊರಬಿಡುವುದರಲ್ಲಿ ಅದು ಮೂಲ ಬಲೆಗೆ ಕಡಿಮೆಯಿಲ್ಲವೆಂದು ತೋರಿಸಬೇಕು. ಶೇಕಡಾವಾರು ಷರತ್ತುಗಳು ಪೂರ್ತಿ ಮಾಯವಾಗಿಲ್ಲ, ಅನುಬಂಧಗಳೂ ತೆಳ್ಳಗಿಲ್ಲ. ಆದರೂ ದೋಣಿಯವನು ತನ್ನ ಕಡಲಿನ ನಿಯಮವನ್ನು ಒಂದೇ ಕಡೆ ತೆರೆದು ಓದಬಹುದು, ಮತ್ತು ಈ ಬಲೆ ಏಕೆ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ನಿಯಮಗಳಿಂದ ಮರಿಮೀನಿನ ಹಿಡಿತ ನಿಜಕ್ಕೂ ಇಳಿಯಿತೇ ಎಂದು ಮೂರು ವರ್ಷಕ್ಕೊಮ್ಮೆ ವರದಿಯಾಗಬೇಕು.

ಒಳ್ಳೆಯ ಬಲೆಯೊಂದೇ ಸಾಲದು ಎಂಬುದಕ್ಕೆ ಪೂರ್ವ ಬಾಲ್ಟಿಕ್‌ನ ಕಾಡ್ ಸಾಕ್ಷಿ. ಅಲ್ಲಿ ಚೌಕ ಕಣ್ಣಿನ ಕಿಂಡಿಯುಳ್ಳ ಬಲೆ ವರ್ಷಗಳಿಂದ ಬಳಕೆಯಲ್ಲಿತ್ತು. ಆದರೂ ತಳದ ನೀರಿನಲ್ಲಿ ಆಮ್ಲಜನಕ ಕುಗ್ಗಿ, ಆಹಾರ ಸಾಲದೆ, ಪರಾವಲಂಬಿ ಹುಳುಗಳ ಬಾಧೆಯಿಂದ ಮೀನು ಸೊರಗಿತು. 2019ರ ಜುಲೈನಲ್ಲಿ ಆ ಸಂತತಿಯ ಬೇಟೆಯನ್ನೇ ತುರ್ತಾಗಿ ನಿಲ್ಲಿಸಬೇಕಾಯಿತು. ನಿಯಮಗಳನ್ನು ಸರಳಗೊಳಿಸುವುದೆಂದರೆ ಸಡಿಲಿಸುವುದು ಎಂದು ಕೊಂಡಾಡುವವರೂ, ಹಾಗೆಂದೇ ಅಂಜುವವರೂ ಇದ್ದಾರೆ. ಇಬ್ಬರೂ ಕೇಳಬೇಕಾದ ಪ್ರಶ್ನೆ ಒಂದೇ: ದೋಣಿಯ ಮೇಲೆ ಬಿದ್ದ ಮೀನಿನ ಲೆಕ್ಕ ಯಾರ ಬಳಿ ಇದೆ? ಬಲೆಯ ಕಣ್ಣನ್ನು ಬಂದರಿನಲ್ಲಿ ಅಳೆಯಬಹುದು, ನಡುಗಡಲಿನಲ್ಲಿ ಎಸೆದ ಮೀನನ್ನು ಅಳೆಯಲಾಗದು. ಅದಕ್ಕಾಗಿಯೇ 2023ರಲ್ಲಿ ತಿದ್ದಿದ ನಿಯಂತ್ರಣ ಕಾನೂನಿನಂತೆ, ಎಸೆಯುವ ಸಂಭವ ಹೆಚ್ಚಿರುವ 18 ಮೀಟರ್ ಮತ್ತು ಅದಕ್ಕೂ ಉದ್ದದ ದೋಣಿಗಳಿಗೆ 2028ರ ಜನವರಿಯಿಂದ ಕ್ಯಾಮೆರಾ ಕಡ್ಡಾಯ.