ಮನೆಗೆ ಬಂದರೂ ಲ್ಯಾಪ್‌ಟಾಪ್ ಹೋಟೆಲಿನ ವೈಫೈ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ಡೊಂಬಿವಲಿಯಲ್ಲಿ ಕೆಳಗೆ ನಮ್ಮ ಮಾವನ ಹೋಟೆಲು, ಎರಡನೇ ಮಹಡಿಯಲ್ಲಿ ನಮ್ಮ ಮನೆ. ಹೋಟೆಲಿಗೊಂದು ವೈಫೈ, ಮನೆಗೊಂದು ವೈಫೈ. ರಾತ್ರಿ ಗಲ್ಲಾದಲ್ಲಿ ಕೂತು ಲೆಕ್ಕ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಮೇಲೆ ಬಂದರೆ ಅದು ಹೋಟೆಲಿನದ್ದನ್ನೇ ಹಿಡಿದುಕೊಂಡಿರುತ್ತದೆ. ಮನೆಯ ರೌಟರ್ ಕಣ್ಣೆದುರೇ ಇದೆ. ಆದರೂ ವೀಡಿಯೊ ಕಾಲ್ ನಿಂತು ನಿಂತು ಬರುತ್ತದೆ. ಮನೆಯದ್ದನ್ನೇ ಹಿಡಿ ಅಂತ ಕಂಪ್ಯೂಟರಿಗೆ ಹೇಳುವುದು ಹೇಗೆ?

ಉತ್ತರ: ಹತ್ತಿರ ಯಾವುದಿದೆ, ಸಿಗ್ನಲ್ ಯಾವುದರದ್ದು ಜಾಸ್ತಿ ಅಂತ ನೋಡಿ ಕಂಪ್ಯೂಟರು ವೈಫೈ ಆರಿಸುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅದು ಮೊದಲು ನೋಡುವುದು ಬೇರೆಯೇ. ಈಗ ಕೈಯಲ್ಲಿ ಒಂದು ಕನೆಕ್ಷನ್ ಇದೆಯಾ? ಇದ್ದರೆ ಅದು ಪೂರ್ತಿ ಕಡಿದುಹೋಗುವ ತನಕ ಸಾಮಾನ್ಯವಾಗಿ ಬಿಡುವುದಿಲ್ಲ.

ಲೋಕಲ್ ರೈಲಿನಲ್ಲಿ ನಾಲ್ಕನೇ ಸೀಟು ಸಿಕ್ಕಿದವನನ್ನು ನೋಡಿದ್ದೀರಲ್ಲ? ಮೂರು ಜನರ ಬೆಂಚಿನ ತುದಿಯಲ್ಲಿ ಅರ್ಧ ಮೈ ಹೊರಗೆ ಹಾಕಿ ಕೂತಿರುತ್ತಾನೆ. ಆಚೆ ಸಾಲಿನಲ್ಲಿ ಕಿಟಕಿ ಸೀಟು ಖಾಲಿಯಾದರೂ ಏಳುವುದಿಲ್ಲ. ಎದ್ದು ಹೋಗುವಷ್ಟರಲ್ಲಿ ಅದೂ ಹೋಯಿತು, ಇದೂ ಹೋಯಿತು ಅಂದರೆ? ನಿಮ್ಮ ಲ್ಯಾಪ್‌ಟಾಪ್ ಮೆಟ್ಟಿಲು ಹತ್ತಿ ಬರುವಾಗ ಹೀಗೇ ಕೂತಿರುತ್ತದೆ. ಹೋಟೆಲಿನ ಸಿಗ್ನಲ್ ಒಂದೇ ಗೆರೆಗೆ ಇಳಿದರೂ ಅದರ ಲೆಕ್ಕದಲ್ಲಿ ಸೀಟು ಇನ್ನೂ ಇದೆ.

ಇದರಲ್ಲಿ ಅರ್ಥವಿದೆ. ಒಂದು ವೈಫೈ ಬಿಟ್ಟು ಬೇರೆ ಕನೆಕ್ಷನ್‌ನ ವೈಫೈಗೆ ಹಾರಿದರೆ ಇಂಟರ್ನೆಟ್ ವಿಳಾಸವೇ ಬದಲಾಗುತ್ತದೆ. ನಡೆಯುತ್ತಿದ್ದ ಕಾಲ್ ಕಟ್ಟಾಗಬಹುದು, ಬ್ಯಾಂಕಿನ ಪುಟ ಮತ್ತೆ ಲಾಗಿನ್ ಕೇಳಬಹುದು. ಹಾಗಾಗಿ ಸುಮ್ನೆ ಅತ್ತಿತ್ತ ಹಾರಬೇಡ ಅಂತಲೇ ಅದಕ್ಕೆ ಕಲಿಸಿದ್ದಾರೆ. ಹಾರಬೇಕೋ ಬೇಡವೋ ಅನ್ನುವುದು ಲ್ಯಾಪ್‌ಟಾಪಿನದ್ದೇ ತೀರ್ಮಾನ. ಇದು ತಿಳಿಯದೆ ಎಷ್ಟೋ ಜನ ಹೊಸ ರೌಟರ್ ತಂದು ದುಡ್ಡು ದಂಡ ಮಾಡಿಕೊಳ್ಳುತ್ತಾರೆ.

ಕೈಯಲ್ಲಿ ಯಾವ ಕನೆಕ್ಷನ್ನೂ ಇಲ್ಲದಿದ್ದಾಗ ಮಾತ್ರ ಅದು ತನ್ನ ಹಳೇ ಪಟ್ಟಿ ತೆಗೆಯುತ್ತದೆ. ನೀವು ಯಾವತ್ತೋ ಪಾಸ್‌ವರ್ಡ್ ಕೊಟ್ಟ ವೈಫೈಗಳ ಹೆಸರೆಲ್ಲ ಅದರಲ್ಲಿರುತ್ತವೆ. ವಿಂಡೋಸ್‌ನಲ್ಲಿ ಈ ಪಟ್ಟಿಯ ನಿಯಮ ಸರಳ. ಎರಡೂ ವೈಫೈ ಕಾಣುವ ಜಾಗದಲ್ಲಿ ಕೂತು ನೀವೇ ಕೈಯಾರೆ ಯಾವುದನ್ನು ಆರಿಸುತ್ತೀರೋ, ಮುಂದಿನ ಸಲದಿಂದ ಅದಕ್ಕೇ ಮೊದಲ ಮಣೆ.

ನೀವು ಮಾಡಬೇಕಾದ್ದು ಇಷ್ಟು. ಮನೆಯಲ್ಲೇ ಕೂತು ಪರದೆಯ ಕೆಳಗೆ ಬಲಮೂಲೆಯ ವೈಫೈ ಗುರುತು ಒತ್ತಿ, ಪಟ್ಟಿ ಬಿಡಿಸಿ, ಮನೆಯ ವೈಫೈ ಆರಿಸಿ. 'ಕನೆಕ್ಟ್ ಆಟೋಮ್ಯಾಟಿಕಲಿ' ಅನ್ನುವ ಚೌಕಕ್ಕೆ ಟಿಕ್ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್', ಅದರೊಳಗೆ 'ವೈ-ಫೈ', ಅದರೊಳಗೆ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ತೆರೆಯಿರಿ. ಅಲ್ಲಿ ಹೋಟೆಲಿನ ಹೆಸರು ಒತ್ತಿ, ತಾನಾಗಿ ಕನೆಕ್ಟ್ ಆಗುವ ಟಿಕ್ ತೆಗೆಯಿರಿ. ಪಾಸ್‌ವರ್ಡ್ ಉಳಿದಿರುತ್ತದೆ. ಗಲ್ಲಾದಲ್ಲಿ ಕೂತಾಗ ಹೆಸರಿನ ಮೇಲೆ ಒಮ್ಮೆ ಒತ್ತಿದರೆ ಸಾಕು.

ಇಷ್ಟು ಮಾಡಿಯೂ ಮೇಲೆ ಬಂದಾಗ ಹಳೇ ಕಥೆಯೇ ನಡೆಯಬಹುದು. ಯಾಕೆಂದರೆ ಕೆಳಗೆ ಹಿಡಿದದ್ದು ಇನ್ನೂ ಕಡಿದಿಲ್ಲ. ಮನೆಗೆ ಬಂದ ಕೂಡಲೇ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಾಲ್ಕನೇ ಸೀಟಿನವನನ್ನು ಎಬ್ಬಿಸಿದ ಹಾಗೆ. ಹೋಟೆಲಿನ ಟಿಕ್ ತೆಗೆದಾಗಿದೆ, ಹಾಗಾಗಿ ಅದು ಮನೆಯದ್ದಕ್ಕೇ ಬರುತ್ತದೆ. ಲೆಕ್ಕದ ಕೆಲಸಕ್ಕೆ ಹೋಟೆಲಿನ ವೈಫೈ ಬೇಕಾಗಿಯೇ ಇಲ್ಲ ಅಂತಾದರೆ ಅದೇ ಪಟ್ಟಿಯಲ್ಲಿ 'ಫರ್ಗೆಟ್' ಒತ್ತಿಬಿಡಿ. ಗಿರಾಕಿಗಳಿಗಾಗಿ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿದ್ದರಂತೂ ಆ ವೈಫೈಯಲ್ಲಿ ಹೋಟೆಲಿನ ಲೆಕ್ಕ ಇಡಲೇಬೇಡಿ.

ಮ್ಯಾಕ್ ಇದ್ದವರು ಹೋಟೆಲಿನ ವೈಫೈಗೆ 'ಆಟೋ-ಜಾಯಿನ್' ಆಫ್ ಮಾಡಿ. ಮೊದಲು ಅಲ್ಲಿ ಹೆಸರುಗಳನ್ನು ಎಳೆದು ಮೇಲೆ ಕೆಳಗೆ ಮಾಡಬಹುದಿತ್ತು, 2022ರಲ್ಲಿ ಬಂದ ವೆಂಚುರಾ ಅನ್ನುವ ಮ್ಯಾಕ್ ಆವೃತ್ತಿಯಲ್ಲಿ ಆ ಅನುಕೂಲ ತೆಗೆದುಬಿಟ್ಟರು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಪ್ರತಿ ವೈಫೈಗೂ ಒಂದು ಅಂಕಿ ಕೊಡಬಹುದು, ದೊಡ್ಡ ಅಂಕಿಯದ್ದು ಮೊದಲು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನೆಟ್ಟಗಿನ ಏರ್ಪಾಡು.

ಎರಡು ಮಹಡಿ ಮೇಲಕ್ಕೂ ಹೋಟೆಲಿನ ಸಿಗ್ನಲ್ ಹೇಗೆ ಬರುತ್ತದೆ ಅಂತ ಕೇಳಬಹುದು. ಅದು 2.4 ಗಿಗಾಹರ್ಟ್ಸ್‌ನದ್ದಿರಬೇಕು. ಈ ಅಲೆ ಗೋಡೆ, ಸ್ಲ್ಯಾಬ್ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ದೂರದವರೆಗೆ ಸಾಗುವುದೇ 2.4ರ ಗ್ರಹಚಾರವೂ ಹೌದು. ಒಂದಕ್ಕೊಂದು ತಾಗದೆ ಕೆಲಸ ಮಾಡುವ ದಾರಿಗಳು, ಅಂದರೆ ಚಾನೆಲ್‌ಗಳು, ಅದರಲ್ಲಿ ಮೂರೇ: 1, 6, 11. ಇಡೀ ಸೊಸೈಟಿಯ ರೌಟರುಗಳೆಲ್ಲ ಆ ಮೂರರಲ್ಲೇ ನುಗ್ಗಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅದೇ 2.4ರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಮನೆಯ ರೌಟರಿನಲ್ಲಿ 2.4, 5 ಎರಡೂ ಇದ್ದರೆ ಬೇರೆ ಬೇರೆ ಹೆಸರಿಟ್ಟು, ರೌಟರಿನ ಹತ್ತಿರ ಕೂರುವ ಲ್ಯಾಪ್‌ಟಾಪಿಗೆ 5ರದ್ದನ್ನು ಮಾತ್ರ ಕಲಿಸಿ.

ಹೆಸರು ಅಂದಾಗ ನೆನಪಾಯಿತು. ರಾತ್ರಿ ಹೊತ್ತು ನಮ್ಮ ಸೊಸೈಟಿಯಲ್ಲಿ ಪಟ್ಟಿ ಬಿಡಿಸಿದರೆ ಇಪ್ಪತ್ತಕ್ಕೂ ಮೇಲೆ ಹೆಸರು ಬರುತ್ತವೆ, ಅರ್ಧಕ್ಕರ್ಧ ರೌಟರಿನ ಕಂಪನಿ ಇಟ್ಟ ಅಂಕಿ-ಅಕ್ಷರಗಳು. ನಾನು ನಮ್ಮದಕ್ಕೆ ಕನ್ನಡದಲ್ಲೇ 'ಕಾವೇರಿ ಮನೆ' ಅಂತಿಟ್ಟಿದ್ದೇನೆ, ತಟ್ಟನೆ ಕಣ್ಣಿಗೆ ಬೀಳುತ್ತದೆ. ಹೆಸರಿಗಿರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಅಕ್ಷರಕ್ಕೆ ಮೂರು ಬೇಕು, ದೀರ್ಘ ಕೊಂಬು ಗುಡಿಸುಗಳಿಗೂ ತಲಾ ಮೂರು. 'ಕಾವೇರಿ ಮನೆ' 28ಕ್ಕೆ ಮುಗಿಯಿತು. 'ಶ್ರೀಕೃಷ್ಣ ನಿಲಯ' ಅಂತಿಡಲು ಹೋದರೆ 40 ಆಗುತ್ತದೆ, ಹಿಡಿಯುವುದಿಲ್ಲ! ಕೆಲವು ರೌಟರುಗಳು ಕನ್ನಡವನ್ನೇ ಒಪ್ಪುವುದಿಲ್ಲ, ಅದು ಬೇರೆ ಮಾತು.

ಮೊಬೈಲಿನ ಹಾಟ್‌ಸ್ಪಾಟ್ ಕೂಡ ಇದೇ ಪಟ್ಟಿಗೆ ಸೇರುತ್ತದೆ, ಮರೆಯಬೇಡಿ. ಒಂದು ದಿನ ಠಾಣೆ ದಾಟಿದ ಮೇಲೆ ಒಂದು ಮೇಲ್ ಕಳಿಸೋಣ ಅಂತ ರೈಲಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಫೋನಿನ ಹಾಟ್‌ಸ್ಪಾಟ್ ಸಿಕ್ಕಿದ್ದೇ ತಡ, ಹಿಂದಿನಿಂದ ಅದು ಅಪ್‌ಡೇಟ್ ಎಳೆಯತೊಡಗಿತು. ದಾದರ್‌ನಲ್ಲಿ ಇಳಿದು ಹೂವಿನವಳಿಗೆ ದುಡ್ಡು ಕೊಡಲು ಯುಪಿಐ ತೆರೆದರೆ ಚಕ್ರ ಸುತ್ತುತ್ತಲೇ ಇದೆ. ದಿನದ ಒಂದೂವರೆ ಜಿಬಿ ಖಲಾಸ್. ಅವತ್ತೇ ಹಾಟ್‌ಸ್ಪಾಟಿಗೆ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದೆ. ಆಗ ವಿಂಡೋಸ್ ದೊಡ್ಡ ಅಪ್‌ಡೇಟುಗಳನ್ನು ಸಾಮಾನ್ಯವಾಗಿ ತಡೆದಿಟ್ಟುಕೊಳ್ಳುತ್ತದೆ.

ಇನ್ನು ಸ್ಟೇಷನ್ನಿನ ವೈಫೈ. ಗೂಗಲ್ ಮತ್ತು ರೈಲ್ವೆಯ ಕಂಪನಿ ರೈಲ್‌ಟೆಲ್ ಸೇರಿ ಕೊಟ್ಟ ಈ ಸೌಲಭ್ಯ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಮುಂಬಯಿ ಸೆಂಟ್ರಲ್‌ನಲ್ಲೇ, 2016ರ ಜನವರಿಯಲ್ಲಿ. ಇಂಥ ಪಾಸ್‌ವರ್ಡ್ ಇಲ್ಲದ ವೈಫೈಗಳನ್ನು ಕಂಪ್ಯೂಟರು ಹೆಸರಿನಿಂದಷ್ಟೇ ಗುರುತು ಹಿಡಿಯುತ್ತದೆ. ಪಕ್ಕದ ಬೆಂಚಿನಲ್ಲಿ ಕೂತವನು ತನ್ನ ಫೋನಿಗೆ ಅದೇ ಹೆಸರಿಟ್ಟರೆ ಅದಕ್ಕೂ ಕನೆಕ್ಟ್ ಆಗಿಬಿಡಬಹುದು. ಬಳಸಿ, ಆದರೆ ರೈಲು ಹತ್ತುವ ಮೊದಲು 'ಫರ್ಗೆಟ್' ಒತ್ತಿ.

ನಿಮ್ಮ ಮನೆಗೆ ಇನ್ನೂ ಎರಡು ಮಾತು. ಮೇಜಿನ ಪಕ್ಕದಲ್ಲೇ ರೌಟರ್ ಇದ್ದು ದಿನಾ ವೀಡಿಯೊ ಕಾಲ್ ಇದ್ದರೆ ಒಂದು ಕೇಬಲ್ ಚುಚ್ಚಿಬಿಡಿ. ಕೇಬಲ್ ಇದ್ದಾಗ ವಿಂಡೋಸ್ ವೈಫೈಗಿಂತ ಮೊದಲು ಅದನ್ನೇ ಬಳಸುತ್ತದೆ. ಮತ್ತೆ, ಹೋಟೆಲಿನದ್ದಕ್ಕೂ ಮನೆಯದ್ದಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ತಾಪತ್ರಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕಂಪ್ಯೂಟರು ಎರಡನ್ನೂ ಒಂದೇ ವೈಫೈ ಅಂದುಕೊಳ್ಳುತ್ತದೆ. ಆಮೇಲೆ ಮನೆಯದ್ದನ್ನೇ ಹಿಡಿ ಅಂತ ಹೇಳಲು ನಿಮಗೆ ಬೇರೆ ಹೆಸರೇ ಇರುವುದಿಲ್ಲ.